ಚೆಲ್ಲಲಾಗದ ಜೋಳದ ಚೀಲ

ನನ್ನ ಅಕ್ಕನ ಗಂಡನ ಕಾರ್ಖಾನೆಯನ್ನು ನಿಲ್ಲಿಸಿದ್ದು ನಾನು. ಅದಕ್ಕೆ ಹದಿನೈದು ನಿಮಿಷದ ಒಂದು ಭಾಷಣ ಸಾಕಾಯಿತು.

ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಆರಂಭವಾಗುತ್ತಿದ್ದ ಕಾಲ ಅದು. ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಅಕ್ಕನ ಮನೆಯಲ್ಲಿಯೇ ಇದ್ದೆ. ಓದುವಾಗ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಅವಳ ಪಡಸಾಲೆಯ ಗೋಡೆಯನ್ನು ಅರ್ಧ ತುಂಬಿದ್ದವು. ಊರಿನ ವ್ಯಾಪಾರಸ್ಥರು ಪ್ಲಾಸ್ಟಿಕ್ ಚೀಲಗಳ ಬಗ್ಗೆ ಒಂದು ಸಭೆ ಕರೆದಾಗ ಮಾತನಾಡಲು ನನ್ನನ್ನು ಕೇಳಿಕೊಂಡದ್ದು ಆ ಫಲಕಗಳ ಕಾರಣದಿಂದಲೇ. ಕಟ್ಟಿಕೊಂಡ ಗಟಾರಗಳನ್ನು ಕುರಿತು, ಸತ್ತ ಆಕಳ ಹೊಟ್ಟೆಯಿಂದ ಹೊರಬಂದ ಉಂಡೆಯನ್ನು ಕುರಿತು ಹೇಳಿದೆ. ತೆಳು ಚೀಲವನ್ನು ಅಂಗಡಿಯಲ್ಲಿ ಇಡುವುದಿಲ್ಲವೆಂದು ಎಲ್ಲರೂ ಕೈ ಎತ್ತಿದರು. ಆ ಚೀಲಗಳು ತಯಾರಾಗುತ್ತಿದ್ದುದು ಮುದ್ದೇಬಿಹಾಳ ರಸ್ತೆಯ ಪಕ್ಕದ ನಮ್ಮದೇ ತಗಡಿನ ಶೆಡ್ಡಿನಲ್ಲಿ ಎಂಬುದನ್ನು ನಾನು ಮರೆತಿರಲಿಲ್ಲ. ಸ್ವಂತ ಮನೆಯ ವಿರುದ್ಧವೇ ವಾದಿಸುತ್ತಿದ್ದೇನೆ ಎಂಬ ಹೆಮ್ಮೆ ನನ್ನ ದನಿಯನ್ನು ಇನ್ನಷ್ಟು ಏರಿಸಿತ್ತು.

ಎಂಟು ದಿನಗಳಲ್ಲಿ ಯಂತ್ರ ನಿಂತಿತು. ಅಲ್ಲಿ ದುಡಿಯುತ್ತಿದ್ದ ಏಳು ಮಂದಿ ಹೆಂಗಸರು ಮನೆಗೆ ಹೋದರು. ನಾವು ಮಾಮಾ ಎಂದು ಕರೆಯುವ ಅಕ್ಕನ ಗಂಡ ನನ್ನೊಡನೆ ಜಗಳವಾಡಲಿಲ್ಲ, ಸುಮ್ಮನೆ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಗೂಟಕ್ಕೆ ತೂಗುಹಾಕಿದರು. ಅಕ್ಕ ರೊಟ್ಟಿ ಬಡಿಯುತ್ತಲೇ, ತಲೆ ಎತ್ತದೆ, ಹೇಳಿದಳು:

“ನಿನ್ನ ಮಾತಿಗೆ ಊರಾಗ ಎಲ್ಲಾರೂ ಚಪ್ಪಾಳಿ ಬಡದ್ರು. ನಮ್ಮ ಮಶೀನ ನಿಂತು ಹೋತು. ಈಗ ಇನ್ನೊಂದ ಮಾತು ಹೇಳು, ಮಶೀನ ಸುರು ಆಗೂ ಅಂಥಾದ್ದು.”

ಆಗ ನನಗೆ ಧಾರವಾಡದಲ್ಲಿ ಸಂಶೋಧನೆಗೆ ಸೇರುವ ಅವಕಾಶ ಬಂದಿತ್ತು. ಕಾಗದ ನನ್ನ ಪೆಟ್ಟಿಗೆಯಲ್ಲಿತ್ತು. ಆದರೆ ಆ ಒಲೆಯ ಮುಂದೆ ನಿಂತು, ಯಾರೂ ಕೇಳದಿದ್ದರೂ, ಮಶೀನು ಪ್ರಾಮಾಣಿಕವಾದ ಒಂದು ಕೆಲಸದ ಮೇಲೆ ಮತ್ತೆ ತಿರುಗುವವರೆಗೆ ಈ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟೆ. ಅವಳು ರೊಟ್ಟಿಯನ್ನು ತಿರುವಿ ಹಾಕಿದಳು. ‘ಪ್ರಾಮಾಣಿಕವಾದ’ ಎಂಬ ಶಬ್ದವನ್ನು ವಾಕ್ಯ ಚೆನ್ನಾಗಿ ನಿಲ್ಲಲಿ ಎಂದು ಸೇರಿಸಿದ್ದೆ. ಅದು ಮುಂದೆ ನನ್ನ ಕಾಲಿಗೆ ಕಟ್ಟಿದ ಹಗ್ಗವಾಗುತ್ತದೆಂದು ಆಗ ತಿಳಿದಿರಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ವಿಜ್ಞಾನ ಪತ್ರಿಕೆಗಳ ಕಟ್ಟುಗಳಿದ್ದವು. ಅವುಗಳಲ್ಲಿ ಜೈವಿಕ ಪ್ಲಾಸ್ಟಿಕ್ಕಿನ ಬಗ್ಗೆ ಓದಿದೆ. ಗೋವಿನಜೋಳ, ಬಟಾಟೆ, ಕಬ್ಬು ಇವುಗಳ ಪಿಷ್ಟದಿಂದ ಮತ್ತು ಸಕ್ಕರೆಯಿಂದ ಹೊರದೇಶಗಳ ಕಾರ್ಖಾನೆಗಳು ಚೀಲ ಮಾಡುತ್ತಿದ್ದವು, ಲೋಟ ಮಾಡುತ್ತಿದ್ದವು, ಗಾಜಿನ ಸಾಮಾನು ಒಡೆಯದಂತೆ ಪೆಟ್ಟಿಗೆಯಲ್ಲಿ ತುಂಬುವ ಹಗುರಾದ ಕಾಳು ಮಾಡುತ್ತಿದ್ದವು. ಗಾಯ ಹೊಲಿದ ಮೇಲೆ ಮೈಯೊಳಗೇ ಕರಗಿಹೋಗುವ ದಾರವೂ ಇತ್ತು. ಹೊಲದಲ್ಲಿ ಹಾಸಿ, ಬೆಳೆ ಬಂದ ಮೇಲೆ ಅಲ್ಲೇ ರಂಟೆ ಹೊಡೆದು ಮಣ್ಣಿಗೆ ಸೇರಿಸಬಹುದಾದ ಹಾಳೆಯೂ ಇತ್ತು. ಓದುತ್ತ ಹೋದಂತೆ ನನ್ನ ಕಣ್ಣು ತುಂಬಿ ಬಂದದ್ದು ನಿಜ. ಭೂಮಿಯಿಂದ ಬಂದದ್ದು ಭೂಮಿಗೇ ಹೋಗುವ ಒಂದು ಕೈಗಾರಿಕೆ! ನಾನು ವೇದಿಕೆಯ ಮೇಲೆ ಬೇಕೆಂದು ಕೇಳುತ್ತ ಬಂದದ್ದನ್ನು ಯಾರೋ ಯಂತ್ರದ ಮೇಲೆ ಮಾಡಿ ಮುಗಿಸಿದ್ದರು.

ಆದರೆ ಅಂಥ ವಸ್ತು ನಾವು ಪ್ಲಾಸ್ಟಿಕ್ ಕಾಳು ತರುತ್ತಿದ್ದ ಸೊಲ್ಲಾಪುರದಲ್ಲಿ ಸಿಗುತ್ತಿರಲಿಲ್ಲ. ಸಿಕ್ಕರೂ ನಮ್ಮ ಹಳೆಯ ಯಂತ್ರ ಅದನ್ನು ನುಂಗುತ್ತಿರಲಿಲ್ಲ. ಒಂದು ಲೇಖನದಲ್ಲಿ ಮಾತ್ರ ನಮಗೆ ಎಟುಕುವ ದಾರಿಯೊಂದಿತ್ತು. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿಯೇ ಸ್ವಲ್ಪ ಪಿಷ್ಟ ಬೆರೆಸಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಆ ಪಿಷ್ಟವನ್ನು ತಿನ್ನುತ್ತವೆ, ಉಳಿದ ಹಾಳೆ ಹಿಡಿತ ತಪ್ಪಿ ಚೂರಾಗುತ್ತದೆ ಎಂದು ಅಲ್ಲಿ ಬರೆದಿತ್ತು. ಚೂರಾಗುತ್ತದೆ ಎಂಬುದನ್ನು ಓದಿದೆ. ಪುಸ್ತಕ ಮುಚ್ಚಿ ಮನೆಗೆ ನಡೆದು ಬರುವಷ್ಟರಲ್ಲಿ ಅದು ನನ್ನ ಮನಸ್ಸಿನಲ್ಲಿ ಕರಗುತ್ತದೆ ಎಂದಾಗಿತ್ತು. ಬೇಕಾದ ಉತ್ತರ ಸಿಕ್ಕ ಮೇಲೆ ಮತ್ತೊಮ್ಮೆ ಓದುವ ಅಭ್ಯಾಸವನ್ನು ಚರ್ಚಾ ಸ್ಪರ್ಧೆ ನನಗೆ ಕಲಿಸಿರಲಿಲ್ಲ.

ಮಾಮಾ ಕೇಳಿ ನಕ್ಕರು. “ನಾವು ಜೋಳಾ ತಿಂದು ಬೆಳದವ್ರು. ಈಗ ಮಶೀನಿಗೂ ಜೋಳಾ ತಿನಸ್ತೀಯೇನ ಮೇಡಮ್ಮ? ಜೋಡಿ ಒಂದ ಉಳ್ಳಾಗಡ್ಡಿನೂ ಇಡಬೇಕಾಗತೈತಿ.” ನಕ್ಕರೂ ಗೂಟದಿಂದ ಕೀಲಿ ತೆಗೆದುಕೊಂಡರು.

ಮೊದಲ ಸಲ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟನ್ನೇ ಹಾಕಿದೆವು. ಸುದ್ದಿ ಕೇಳಿ ಹೆಂಗಸರೂ ನೋಡಲು ಬಂದಿದ್ದರು. ಪ್ಲಾಸ್ಟಿಕ್ಕಿನ ಕಾಳುಗಳನ್ನು ಯಂತ್ರದ ಬಾಯಿಗೆ ಸುರಿದರೆ ಅವು ಬಿಸಿ ಕೊಳವೆಯಲ್ಲಿ ಕರಗಿ, ಗಾಳಿ ತುಂಬಿದ ಉದ್ದನೆಯ ಕೊಳವೆಯಂಥ ಹಾಳೆಯಾಗಿ ಚಾವಣಿಯತ್ತ ಏರುತ್ತಿದ್ದವು. ಕೆಲಸದ ಹೆಂಗಸರು ಅದಕ್ಕೆ ಫುಗ್ಗಾ ಎನ್ನುತ್ತಿದ್ದರು. ಹಿಟ್ಟು ಬೆರೆತ ಫುಗ್ಗಾ ಮೊಣಕಾಲೆತ್ತರಕ್ಕೆ ಬರುವುದರೊಳಗೆ ತೂತು ಬಿದ್ದು ಕುಸಿಯಿತು. ಶೆಡ್ಡಿನ ತುಂಬ ಸೀದ ರೊಟ್ಟಿಯ ವಾಸನೆ. ಯಂತ್ರದ ಬಳಿ ನಿಲ್ಲುತ್ತಿದ್ದ ಹಿರಿಯ ಹೆಂಗಸು, “ಅಕ್ಕೋರ, ಇದರ ಮ್ಯಾಲ ಒಂದಿಷ್ಟು ಶೇಂಗಾ ಹಿಂಡಿ ಹಾಕ್ಕೊಡ್ರಿ, ಊಟರ ಆಗತೈತಿ,” ಎಂದಾಗ ಉಳಿದವರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು.

ದಾರಿ ತೋರಿಸಿದವಳೂ ಅವಳೇ. ಸಂಡಿಗೆಗೆ ಮಾಡುವಂತೆ ಜೋಳವನ್ನು ಮೂರು ದಿನ ನೆನೆಸಿ, ರುಬ್ಬಿ, ಹಳೆಯ ಧೋತರದಲ್ಲಿ ಸೋಸಿ ಹಾಲು ತೆಗೆಯಬೇಕು. ಹಾಲು ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಸಿಯಬೇಕು. ಉಳಿದ ಬೆಳ್ಳನೆಯ ಗಸಿಯನ್ನು ಮಾಳಿಗೆಯ ಮೇಲೆ ಬ್ಯಾಸಗಿಯ ಬಿಸಿಲಿಗೆ ಹರವಬೇಕು. ಒಣಗಿದ್ದನ್ನು ಅರಿವೆಯಲ್ಲಿ ಜರಡಿ ಹಿಡಿದು, ಇನ್ನೊಮ್ಮೆ ಸಣ್ಣ ಉರಿಯ ಮೇಲೆ ತೇವವೆಲ್ಲ ಹೋಗುವಂತೆ ಬೆಚ್ಚಗೆ ಮಾಡಬೇಕು. ಪಿಷ್ಟ ಬೇರ್ಪಡಿಸುವ ಈ ವಿಧಾನವನ್ನು ನಾನು ಕರಿಹಲಗೆಯ ಮೇಲೆ ಸೂತ್ರ ಬರೆದು ಕಲಿಸುತ್ತಿದ್ದೆ, ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ. ಹತ್ತರಲ್ಲಿ ಒಂದು ಪಾಲು ಆ ಪಿಷ್ಟ, ಒಂಬತ್ತು ಪಾಲು ಸೊಲ್ಲಾಪುರದ ಹಳೆಯ ಪ್ಲಾಸ್ಟಿಕ್ ಕಾಳು. ಈ ಸಲ ಫುಗ್ಗಾ ಎದ್ದು ನಿಂತಿತು. ಗಾಜಿನಂತೆ ಪಾರದರ್ಶಕವಾಗಿರಲಿಲ್ಲ. ಹಾಲು ಬೆರೆಸಿದಂಥ ಬಣ್ಣ, ಮುಟ್ಟಿದರೆ ಗಂಜಿ ಹಾಕಿದ ಅರಿವೆಯ ಒರಟು. ಅದು ತಗಡಿನ ಚಾವಣಿಯವರೆಗೆ ಏರಿ, ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗಿ ಇಳಿಯುವುದನ್ನು ಏಳೂ ಹೆಂಗಸರು ಕತ್ತೆತ್ತಿ ನೋಡಿದರು. ಅಕ್ಕನೂ ಬಂದಿದ್ದಳು. ಆ ದಿನದ ಸಂತೋಷವನ್ನು ನಾನು ಇಂದಿಗೂ ಸುಳ್ಳೆನ್ನಲಾರೆ.

ಒಂದು ಚೀಲವನ್ನು ಮಣ್ಣಿನ ಕುಂಡದಲ್ಲಿ ಹೂತಿಟ್ಟೆ. ಮಳೆಗಾಲ ಕಳೆದು ತೆಗೆದಾಗ ಅದು ಬೆರಳು ತಾಗಿದಲ್ಲೆಲ್ಲ ಉದುರಿತು. ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಿಂದಗಿಗೆ, ಇಂಡಿಗೆ, ಮುದ್ದೇಬಿಹಾಳಕ್ಕೆ ಹೋದೆ. ಅಂಗಡಿಯ ಕಟ್ಟೆಯ ಮೇಲೆ ಮಣ್ಣು ಸುರಿದು ತೋರಿಸಿದೆ. ಕಣ್ಣಿಗೆ ಕಾಣುವ ಸಾಕ್ಷಿಯನ್ನು ಮುಂದಿಟ್ಟವನ ವಾದವನ್ನು ನಿರ್ಣಾಯಕರು ತಳ್ಳಿಹಾಕುವುದಿಲ್ಲ ಎಂಬುದು ನನ್ನ ಅನುಭವವಾಗಿತ್ತು. ವ್ಯಾಪಾರಸ್ಥರೂ ತಳ್ಳಿಹಾಕಲಿಲ್ಲ. ಚೀಲದ ಮೇಲೆ ಹಸಿರು ಮಸಿಯಲ್ಲಿ ಒಂದು ಜೋಳದ ತೆನೆ, ಅದರ ಕೆಳಗೆ ನಾನೇ ಕಟ್ಟಿದ ಸಾಲು: ‘ಜೋಳದಿಂದ ಹುಟ್ಟಿದೆ, ಮಣ್ಣಿಗೆ ಸೇರುತ್ತದೆ.’ ಅಚ್ಚು ಮಾಡಿಸುವ ಮುನ್ನ ಮಾಮಾ ಒಂದೇ ಒಂದು ಮಾತು ಅಡ್ಡ ಹೇಳಿದ್ದರು.

“ತೆನಿ ಬ್ಯಾಡ. ಎಲಿ ಹಾಕಸು, ಬೇಕಾದ್ರ ಹೂವ ಹಾಕಸು. ತೆನಿ ಹಾಕಬ್ಯಾಡ.”

ಕಾರಣ ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ. ಕಾರಣವಿಲ್ಲದ ಮಾತನ್ನು ನಾನು ಒಪ್ಪಲಿಲ್ಲ. ಮನೆಯೊಳಗೆ ನಾನು ವಾದದಲ್ಲಿ ಸೋತದ್ದೇ ಇಲ್ಲ.

ಯಂತ್ರ ಮತ್ತೆ ತಿರುಗಿತು. ಏಳೂ ಹೆಂಗಸರು ಕೆಲಸಕ್ಕೆ ಮರಳಿದರು, ಪಿಷ್ಟದ ಕೆಲಸಕ್ಕೆ ಇನ್ನಿಬ್ಬರು ಸೇರಿದರು. ಕೆಲಸ ನೆಲೆ ನಿಲ್ಲಲೆಂದು ಧಾರವಾಡದ ಕಾಗದಕ್ಕೆ ಉತ್ತರ ಬರೆದು ಇನ್ನೊಂದು ವರ್ಷದ ಸಮಯ ಕೇಳಿದೆ.

ವಿಚಿತ್ರವೆನಿಸುವ ಸುದ್ದಿಗಳು ಬರತೊಡಗಿದ್ದು ನಾಲ್ಕಾರು ತಿಂಗಳ ಮೇಲೆ. ಸಿಂದಗಿಯ ಚಪ್ಪಲಿ ಅಂಗಡಿಯವರು ಚೀಲದ ಕಟ್ಟುಗಳನ್ನು ವಾಪಸು ಕಳಿಸಿದರು. ಹೊಸ ಕಾಲ್ಮರಿಗಳನ್ನು ಆ ಚೀಲದಲ್ಲಿ ಹಾಕಿಕೊಟ್ಟರೆ ಗಿರಾಕಿಗಳು ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಚೀಲವನ್ನು ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಳ್ಳುತ್ತಾರೆ ಎಂದು ಹೇಳಿ ಕಳಿಸಿದ್ದರು. ಇಂಡಿಯ ಮಾಂಸದ ಅಂಗಡಿಯವರಂತೂ ಮೊದಲ ವಾರವೇ ಬೇಡವೆಂದಿದ್ದರು. ಇವನ್ನೆಲ್ಲ ಹೊಸ ವಸ್ತುವಿಗೆ ಬರುವ ಸಣ್ಣ ತೊಡಕುಗಳೆಂದು ತಿಳಿದೆ. ನನ್ನ ಗಮನವೆಲ್ಲ ಬಾಗೇವಾಡಿಯ ಗಟಾರಗಳ ಮೇಲಿತ್ತು. ಕಾಲೇಜಿಗೆ ಹೋಗುವ ದಾರಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ನಮ್ಮ ಚೀಲ ಒಂದೂ ಕಾಣುತ್ತಿರಲಿಲ್ಲ. ಸಾವಿರಾರು ಚೀಲಗಳು ಊರಿಗೆ ಹೋಗಿವೆ, ಒಂದೂ ಬಿದ್ದಿಲ್ಲ, ಹಾಗಾದರೆ ಅವೆಲ್ಲ ಮಣ್ಣಾಗಿವೆ ಎಂದು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆದೆ. ನನ್ನ ಯಾವ ವಿದ್ಯಾರ್ಥಿ ಇಂಥ ತರ್ಕ ಮಂಡಿಸಿದ್ದರೂ ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ.

ಅವು ಎಲ್ಲಿ ಹೋಗಿದ್ದವೆಂಬುದು ಬ್ಯಾಸಗಿಯ ರಜೆಯಲ್ಲಿ ಗೊತ್ತಾಯಿತು. ನಮ್ಮ ಅವ್ವನ ತಂಗಿ, ನನ್ನನ್ನು ಸಣ್ಣಂದಿನಲ್ಲಿ ಎತ್ತಿ ಆಡಿಸಿದ ಚಿಗವ್ವ, ಮುದ್ದೇಬಿಹಾಳದಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮನೆಗೆ ಹೋದೆ. ನೀರಿನ ಚರಿಗೆ ಕೈಗಿಟ್ಟು, ಕಾಳುಕಡಿ ಇಡುವ ಒಳಕೋಣೆಗೆ ಕರೆದುಕೊಂಡು ಹೋದಳು. ಗೋಡೆಯ ಮಾಡಗಳಲ್ಲಿ, ಹಲಗೆಯ ಮೇಲೆ, ದೇವರ ಜಗಲಿಯ ಬದಿಯಲ್ಲಿ ಕೂಡ, ತೊಳೆದು ಬಿಸಿಲಿಗೆ ಒಣಗಿಸಿ, ಕುಪ್ಪಸ ಮಡಚಿದಂತೆ ನಾಲ್ಕು ಮಡಿಕೆಯಾಗಿ ಮಡಚಿದ ನಮ್ಮ ಚೀಲಗಳ ಅಟ್ಟಿ. ಓಣಿಯವರು ಕೂಡ ತಮ್ಮ ಮನೆಯ ಚೀಲಗಳನ್ನು ತಂದು ಅವಳಲ್ಲಿಟ್ಟು ಹೋಗಿದ್ದರು.

“ತೆನಿ ಐತಿ ಅದರ ಮ್ಯಾಲ,” ಎಂದಳು ಚಿಗವ್ವ. “ಜೋಳಾ ಐತಿ ಅದರಾಗ. ನೀನ ಊರೂರ ತಿರಿಗಿ ಹೇಳಿದಿ. ಹೆಂಗ ಚೆಲ್ಲೂದು? ಯಾರರ ತುಳದ್ರ?”

ಕಣದಲ್ಲಿ ಕಾಲ್ಮರಿ ಮೆಟ್ಟಿ ಯಾರೂ ಕಾಲಿಡದ ನಾಡು ನಮ್ಮದು. ಬೀಸುವಾಗ ನೆಲಕ್ಕೆ ಸಿಡಿದ ಒಂದು ಕಾಳನ್ನೂ ಎತ್ತಿ ಕಣ್ಣಿಗೊತ್ತಿ ಬುಟ್ಟಿಗೆ ಹಾಕುತ್ತಾರೆ. ಕಾಲು ತಾಗಿದರೆ ಕೈ ಮುಗಿಯುತ್ತಾರೆ. ನಾನೂ ಹಾಗೆಯೇ ಬೆಳೆದವಳು. ಎಸೆಯುವುದಕ್ಕೆಂದೇ ಮಾಡಿದ ಒಂದು ಚೀಲವನ್ನು ಎಸೆಯಲಾಗದಂತೆ ಮಾಡಿ ನಾಲ್ಕು ಊರುಗಳಿಗೆ ಹಂಚಿದ್ದೆ. ಮಾಮಾನ ಬಾಯಿಗೆ ಬಾರದೆ ಉಳಿದ ಕಾರಣ ಇದೇ ಆಗಿತ್ತು.

ನನಗೆ ನಗು ಬಂತು. ಚಿಗವ್ವ ನಗಲಿಲ್ಲ. ಜೋಳದ್ದು ಜೋಳದ ಜೋಡಿಯೇ ಇರಲಿ ಎಂದು ಅವಳು ಬಹಳಷ್ಟು ಚೀಲಗಳನ್ನು ಜೋಳ ತುಂಬುವ ತಗಡಿನ ಡಬ್ಬಿಯೊಳಗೆ ಸುತ್ತಲೂ ಹಾಸಿದ್ದಳು. ತೊಳೆದು ಬಿಸಿಲಿಗೆ ಹಾಕಿದ್ದರಿಂದ ಅವು ಡಬ್ಬಿಯಲ್ಲಿಯೇ ಉದುರಿದ್ದವು. ಉದುರಿದ್ದು ಜೋಳದೊಡನೆ ಗಿರಣಿಗೆ ಹೋಗಿತ್ತು. ಅವಳು ಕೊಣಮಗಿಯಲ್ಲಿ ಹಿಟ್ಟು ನಾದಿಟ್ಟಿದ್ದಳು. ನನ್ನ ಬೆರಳನ್ನು ಹಿಡಿದು ಅದರ ಮೇಲೆ ಆಡಿಸಿದಳು. ಸಣ್ಣ ಸಣ್ಣ ಹೊಟ್ಟಿನಂಥದ್ದು ಬೆರಳಿಗೆ ತಾಗಿತು.

“ಜೋಳಾ ಆದ್ರ ನಾದಿದಾಗ ಕೂಡಬೇಕಲಾ. ಇದು ಕೂಡವಲ್ದು. ಕುದಿಸಿ ನೋಡೂಣಂತ ನಿನ್ನ ದಾರಿ ಕಾಯ್ಕೋತ ಕುಂತೀನಿ.”

ಅಂಬಲಿ ಕಾಸುವ ಪಾತ್ರೆಯಲ್ಲಿ ನೀರಿಟ್ಟು, ಡಬ್ಬಿಯ ತಳದಿಂದ ಎರಡು ಹಿಡಿ ಉದುರನ್ನು ಹಾಕಿದಳು. ಕುದಿ ಬಂದಾಗ ನೀರು ಮಸಕಾಯಿತು, ಅಕ್ಕಿ ತೊಳೆದ ನೀರಿನಷ್ಟು. ಉಳಿದದ್ದೆಲ್ಲ ಮೇಲೆ ತೇಲಿತು. ನೊರೆ ತೆಗೆಯುವಂತೆ ಅವಳು ಅದನ್ನು ಸೌಟಿನಿಂದ ತೆಗೆದು ತಾಟಿಗೆ ಹಾಕಿ ನನ್ನ ಮುಂದಿಟ್ಟಳು. ಹಿಚುಕಿದೆ. ನುರಿಯಲಿಲ್ಲ. ಅವಳು ಒಂದು ಚಿಟಿಕೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ತೋರಿಸಿದಳು. ಅದು ಮುದುಡಿ ಕರ್ರಗೆ ಹನಿಯಿತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಹಿಟ್ಟು ಬೆರೆಸುವುದಕ್ಕೂ ಮೊದಲು ನಮ್ಮ ಶೆಡ್ಡಿನಲ್ಲಿ ಇದ್ದ ವಾಸನೆ ಅದು.

“ಇದರಾಗ ಜೋಳಾ ಎಷ್ಟ ಐತಿ?”

ಹತ್ತರಲ್ಲಿ ಒಂದು ಪಾಲು ಎಂದೆ.

“ಉಳದ ಒಂಬತ್ತು?”

ಉತ್ತರ ತಾಟಿನಲ್ಲಿಯೇ ಇತ್ತು. ಚಿಗವ್ವ ತಾಟನ್ನು ನೋಡುತ್ತ ಮೆಲ್ಲಗೆ, “ಹಂಗಾದ್ರ ಇಷ್ಟ ದಿನಾ ನಾವು ಒಂಬತ್ತು ಪಾಲಕ್ಕ ಕೈ ಮುಗದಂಗಾತು,” ಎಂದಳು. ಆ ಹಿಟ್ಟಿನ ರೊಟ್ಟಿಯನ್ನು ಅವಳು ಎಷ್ಟು ದಿನ ತಿಂದಿದ್ದಳೆಂದು ನಾನು ಕೇಳಲಿಲ್ಲ.

ಕುಂಡದಲ್ಲಿ ಉದುರಿದ ಚೀಲವನ್ನು ನಾನು ನೀರಿಗೆ ಹಾಕಿ ನೋಡಿರಲಿಲ್ಲ. ಪ್ರಯೋಗಶಾಲೆಯ ಕೀಲಿ ನನ್ನ ಕೈಯಲ್ಲಿಯೇ ಇತ್ತು. ಜೋಳದ ಪಾಲನ್ನು ಹುಳು ತಿಂದರೆ ಉಳಿದ ಒಂಬತ್ತು ಪಾಲು ಎಲ್ಲಿಗೂ ಹೋಗುವುದಿಲ್ಲ. ಹೆಕ್ಕಿ ತೆಗೆಯಲಾಗದಷ್ಟು ಸಣ್ಣದಾಗಿ ಮಣ್ಣಿನಲ್ಲಿ ಇರುತ್ತದೆ. ಗಟಾರದಲ್ಲಿ ಬಿದ್ದ ಹಳೆಯ ಚೀಲವನ್ನಾದರೂ ಕೋಲಿನಿಂದ ಎತ್ತಬಹುದಿತ್ತು.

ಬಾಗೇವಾಡಿಗೆ ಮರಳಿದವಳೇ ಶೆಡ್ಡಿಗೆ ಹೋದೆ. ಮಾಮಾ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಕೈ ಒರೆಸಿಕೊಂಡು ಹೇಳಿದರು:

“ಕರಗೂದಿಲ್ಲ ಅದು. ಹುಡಿ ಆಗತೈತಿ. ಇಪ್ಪತ್ತ ವರ್ಷ ಈ ಪ್ಲಾಸ್ಟಿಕ್ ದಾಣಾ ಕೈಯಾಗ ಆಡಸೇನಿ, ನನಗ ಗೊತ್ತಿಲ್ಲೇನು? ನಿನಗ ಗೊತ್ತಿಲ್ಲಂತ ನನಗ ಗೊತ್ತಿರಲಿಲ್ಲ.”

ಅಕ್ಕನ ಮನೆ ಉಳಿಯಲೆಂದು ನಾನು ತಿಳಿದೇ ಒಂದು ಜಾಣತನ ಮಾಡಿದ್ದೇನೆ ಎಂದು ಅವರು ಭಾವಿಸಿದ್ದರು. ಅದಕ್ಕಾಗಿ ಈ ಒಂದು ವರ್ಷ ನನ್ನ ಬಗ್ಗೆ ಅವರಿಗೆ ಮೊದಲಿಗಿಂತ ಹೆಚ್ಚು ಗೌರವವಿತ್ತು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಆ ಹೊತ್ತಿಗೆ ಇಂಡಿಯ ಲಿಂಬೆ ಬೆಳೆಗಾರರಿಂದ ಬೇಡಿಕೆ ಬಂದಾಗಿತ್ತು. ಲಿಂಬೆ ಸಸಿಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆಸಿ, ನೆಡುವಾಗ ಚೀಲ ಹರಿದು ಎಸೆಯುವುದು ಅಲ್ಲಿನ ರೂಢಿ. ಹರಿಯುವಾಗ ಬೇರು ಕದಲಿ ಎಷ್ಟೋ ಸಸಿ ಸಾಯುತ್ತವೆ. ನಮ್ಮ ಚೀಲವಾದರೆ ಸಸಿಯನ್ನು ಚೀಲದ ಸಮೇತ ನೆಡಬಹುದು, ಅದು ಮಣ್ಣಲ್ಲಿ ಕರಗುತ್ತದೆ, ಯಾರ ಕಾಲಿಗೂ ಸಿಗುವುದಿಲ್ಲ ಎಂಬ ಲೆಕ್ಕ ಅವರದು. ಆ ಕೆಲಸ ಹಿಡಿದರೆ ಶೆಡ್ಡು ವರ್ಷಗಟ್ಟಲೆ ನಿಲ್ಲುವಂತಿರಲಿಲ್ಲ. ಹಿಡಿಯದಿದ್ದರೆ, ಅಂಗಡಿಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದುದರಿಂದ, ಅದು ಆ ವರ್ಷವೇ ಮುಚ್ಚುತ್ತಿತ್ತು. ಹೆಂಗಸರು ಆಗಲೇ ಮಾಳಿಗೆ ತುಂಬ ಪಿಷ್ಟ ಹರವಿದ್ದರು. ಮಾತನಾಡಲು ನಾನೇ ಬರಬೇಕೆಂದು ಬೆಳೆಗಾರರು ಕೇಳಿದ್ದರು.

ಅಕ್ಕ ನನ್ನನ್ನು ತಡೆದು ಕೂರಿಸಿ ಒಂದೇ ವಿನಂತಿ ಮಾಡಿದಳು. ಸುಳ್ಳು ಹೇಳಬೇಡ, ಆದರೆ ಎಲ್ಲವನ್ನೂ ಹೇಳಲೇಬೇಕೆಂದು ಯಾರೂ ಕೇಳಿಲ್ಲ ಎಂದಳು. ನಮ್ಮ ಮನೆಯ ಜೊತೆ ಒಂಬತ್ತು ಮನೆಗಳು ನಿಂತಿವೆ ಎಂಬುದನ್ನೂ ನೆನಪಿಸಿದಳು.

ಸಭೆಗೆ ಇನ್ನೂ ಎರಡು ವಾರವಿತ್ತು. ಹಳೆಯ ಅಭ್ಯಾಸದಂತೆ ಒಂದು ಪುಸ್ತಕದಲ್ಲಿ ಪುಟದ ಎಡಕ್ಕೆ ಪರ, ಬಲಕ್ಕೆ ವಿರೋಧ ಬರೆದೆ. ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಯಾವ ಪಕ್ಷ ಬಂದರೂ ಮಾತನಾಡಿ, ಗಂಟೆ ಬಾರಿಸಿದಾಗ ಇಳಿದು ಬರುತ್ತಿದ್ದೆ. ಇಲ್ಲಿ ಎರಡೂ ಪಕ್ಷ ನನ್ನವೇ ಆಗಿದ್ದವು, ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗಲೂ ವಾಕ್ಯದ ಅರ್ಧಕ್ಕೆ ನಿಲ್ಲುತ್ತಿದ್ದೆ. ಶೆಡ್ಡಿನಲ್ಲಿ ಫುಗ್ಗಾ ಏರುವುದನ್ನು ನೋಡುತ್ತ ನಿಂತರೆ, ಒಳಗೆ ಸಿಕ್ಕಿಕೊಂಡ ಗಾಳಿ ಮೇಲಿನ ಉರುಳೆಗಳಿಗೂ ಕೆಳಗಿನ ಬಾಯಿಗೂ ನಡುವೆ ಅಲುಗುತ್ತಿರುತ್ತಿತ್ತು. ಹಾಳೆ ಮುಂದೆ ಹೋಗುತ್ತದೆ, ಗಾಳಿ ಮಾತ್ರ ಇಡೀ ದಿನ ಅದೇ. ಹಿರಿಯ ಹೆಂಗಸು ಒಮ್ಮೆ, “ಅಕ್ಕೋರ, ಅದನ್ನ ಎಷ್ಟ ನೋಡ್ತೀರಿ, ದೃಷ್ಟಿ ತಾಕೀತು,” ಎಂದಳು. ನಾನು ಅವಳ ಮುಖ ನೋಡಲಿಲ್ಲ.

ಕೊನೆಗೆ ಒಂದು ವಾಕ್ಯ ಸಿದ್ಧವಾಯಿತು. ‘ಈ ಚೀಲ ಮಣ್ಣಿನಲ್ಲಿ ತನ್ನ ಹಿಡಿತ ಕಳೆದುಕೊಂಡು ಬೇರಿಗೆ ದಾರಿ ಬಿಡುತ್ತದೆ.’ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೇಳಿದವರು ಮಾತ್ರ ತಪ್ಪಾಗಿ ತಿಳಿಯಲೇಬೇಕಾದಂಥ ವಾಕ್ಯ. ನನ್ನ ಇಷ್ಟು ವರ್ಷದ ತರಬೇತಿಯೆಲ್ಲ ಅದರೊಳಗಿತ್ತು.

ಇಂಡಿಯಲ್ಲಿ ಸಭೆ ನಡೆದದ್ದು ಲಿಂಬೆ ರಾಶಿ ಹಾಕುವ ಒಂದು ಉದ್ದನೆಯ ಛಪ್ಪರದಲ್ಲಿ. ಇಪ್ಪತ್ತು ಮೂವತ್ತು ಮಂದಿ ಬೆಳೆಗಾರರು ತಟ್ಟಿನ ಮೇಲೆ ಕೂತಿದ್ದರು. ಮಾಮಾ ನನ್ನ ಪಕ್ಕದಲ್ಲಿ, ಮಾದರಿ ಚೀಲಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು. ನಾನು ಮಾತನಾಡಿದೆ. ಆ ವಾಕ್ಯವನ್ನೂ ಹೇಳಿದೆ. ತಲೆಗಳು ಅಲ್ಲಾಡಿದವು. ಮಾಮಾ ಕಟ್ಟಿನ ಗಂಟು ಬಿಚ್ಚತೊಡಗಿದರು.

ಆಗ ಮುಂದಿನ ಸಾಲಿನಲ್ಲಿದ್ದ, ರುಮಾಲು ಸುತ್ತಿದ ಹಿರಿಯ ಬೆಳೆಗಾರರೊಬ್ಬರು ಎದ್ದು ಬಂದರು. ಧೋತರದ ಚುಂಗಿನಿಂದ ಒಂದು ಹಿಡಿ ಜೋಳ ತೆಗೆದು ನನ್ನ ಬಲ ಅಂಗೈಗೆ ಸುರಿದು, ಬೆರಳುಗಳನ್ನು ತಾವೇ ಮಡಚಿದರು.

“ಸಿಟ್ಟಾಗಬ್ಯಾಡ ಯವ್ವಾ. ನಿನ್ನ ಮ್ಯಾಲ ಸಂಶಯ ಇಲ್ಲ. ನಮ್ಮ ಹಿರ್ಯಾರ ಕಾಲದಿಂದ ಬೀಜಾ ಕೊಡೂ ಮುಂದ, ಸಸಿ ಕೊಡೂ ಮುಂದ ಹಿಂಗ ಮಾಡ್ತೀವಿ. ಕೊಡಾವ್ರು ಕಾಳ ಹಿಡದು ಒಮ್ಮಿ ಹೇಳಬೇಕು. ಈಗ ಹೇಳಿದ್ದನ್ನ ಹೇಳು, ಸಾಕು.”

ಅದೇ ವಾಕ್ಯ. ಒಂದಕ್ಷರವೂ ಸುಳ್ಳಿಲ್ಲದ್ದು. ಬಾಯಿ ತೆರೆದೆ. ಮುಷ್ಟಿಯೊಳಗೆ ಕಾಳುಗಳು ಬೆವರಿಗೆ ಅಂಟಿಕೊಂಡವು. ಸೋಸಿ, ಬಸಿದು, ಒಣಗಿಸಿ ನಾವು ಹುಡಿ ಮಾಡಿದ್ದು ಇದನ್ನೇ. ಪರ ವಿರೋಧಗಳೆಲ್ಲ ಆಗ ನೆನಪಿಗೆ ಬರಲಿಲ್ಲ. ಚಿಗವ್ವನ ತಾಟು ಬಂತು, ಅದರಲ್ಲಿ ತೇಲಿ ಉಳಿದದ್ದು ಬಂತು.

ಹೇಳಿದೆ. ಈ ಚೀಲದಲ್ಲಿ ಜೋಳ ಒಂದೇ ಪಾಲು, ಉಳಿದ ಒಂಬತ್ತು ಪಾಲು ನೀವು ಈಗ ಹರಿದು ಎಸೆಯುವ ಚೀಲದ್ದೇ ವಸ್ತು. ಇದು ಕರಗುವುದಿಲ್ಲ, ಹುಡಿಯಾಗಿ ನಿಮ್ಮ ಮಣ್ಣಿನಲ್ಲಿ ಉಳಿಯುತ್ತದೆ. ಎಷ್ಟು ಕಾಲ ಉಳಿಯುತ್ತದೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬ ಶಬ್ದವನ್ನು ನಾನು ವೇದಿಕೆಯ ಮೇಲೆ ಮೊದಲ ಸಲ ಬಳಸಿದ್ದೆ.

ಹಿಂದಿನ ಸಾಲಿನಿಂದ ಒಬ್ಬರು, “ಲಿಂಬಿ ಹಣ್ಣಿನಾಗ ಬೀಜಾ ಇರೂದು ಗೊತ್ತಿತ್ತು, ಇನ್ನ ಮುಂದ ಪ್ಲಾಸ್ಟಿಕೂ ಹಿಂಡಿ ಕುಡೀಬೇಕಾಗಿತ್ತ ನೋಡ್ರಿ,” ಎಂದರು. ಕೆಲವರು ನಕ್ಕರು. ಹಿರಿಯರು ನಗಲಿಲ್ಲ, ಮೆಚ್ಚುಗೆಯನ್ನೂ ಹೇಳಲಿಲ್ಲ. ನನ್ನ ಮುಷ್ಟಿಯನ್ನು ಬಿಡಿಸಿ, ಅಂಗೈಗೆ ಅಂಟಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಚುಂಗಿಗೆ ಕಟ್ಟಿದರು. “ಹಂಗಾದ್ರ ಬ್ಯಾಡ್ರಿ,” ಎಂದರು. ಮಾಮಾ ಕಟ್ಟಿನ ಗಂಟನ್ನು ಮತ್ತೆ ಹಾಕಿದರು.

ಬಸ್ಸಿನಲ್ಲಿ ಮಾಮಾ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಊರು ಹತ್ತಿರ ಬಂದಾಗ, ಅಕ್ಕನಿಗೆ ತಾನು ಹೇಳುವುದಿಲ್ಲ, ನೀನೇ ಹೇಳು ಎಂದರು. ಹೇಳಿದೆ. ಅಕ್ಕ ಅಳುತ್ತಾಳೆಂದುಕೊಂಡಿದ್ದೆ. ನನ್ನ ಪೆಟ್ಟಿಗೆಯ ಮೇಲಿದ್ದ, ಈ ವರ್ಷ ಬಂದು ಸೇರಿ ಎಂದ ಧಾರವಾಡದ ಎರಡನೆಯ ಕಾಗದವನ್ನು ಅವಳು ನೋಡಿದ್ದಳೆಂದು ಕಾಣುತ್ತದೆ.

“ಖರೇ ಹೇಳಿದಿ, ಚಲೋ ಆತು,” ಎಂದಳು. “ನನಗೂ ಒಂದ ಮಾತು ಕೊಟ್ಟಿದ್ದಿ. ಮಶೀನ ಪ್ರಾಮಾಣಿಕ ನಡಿಯೂತನಕ ಎಲ್ಲೂ ಹೋಗೂದಿಲ್ಲಂತ. ನಾಳಿಯಿಂದ ಮಶೀನ ನಿಲ್ಲತೈತಿ. ಕುಂದ್ರು.”

ಕುಳಿತೆ.

ಎರಡು ವರ್ಷ ಶೆಡ್ಡು ಮುಚ್ಚಿತ್ತು. ಧಾರವಾಡದವರು ಮೂರನೆಯ ಕಾಗದ ಬರೆಯಲಿಲ್ಲ. ಆಮೇಲೆ ಮಾಮಾ ಯಂತ್ರದ ಬಾಯಿ ಬದಲಿಸಿ, ದನದ ಮೇವಿನ ಕಣಿಕೆಯ ಬಣಿವೆಗೆ ಹೊದಿಸುವ, ವರ್ಷಾನುಗಟ್ಟಲೆ ಬಾಳುವ ದಪ್ಪ ಕಪ್ಪು ಹಾಳೆ ಮಾಡತೊಡಗಿದರು. ಅದರ ಮೇಲೆ ಯಾವ ಸಾಲೂ ಇರಲಿಲ್ಲ. ಪ್ಲಾಸ್ಟಿಕ್ ಎಂದೇ ಕೊಟ್ಟರು, ಪ್ಲಾಸ್ಟಿಕ್ ಎಂದೇ ಒಯ್ದರು. ಒಂಬತ್ತು ಹೆಂಗಸರಲ್ಲಿ ಮೂವರು ಮರಳಿ ಬಂದರು. ಹಿರಿಯ ಹೆಂಗಸು ಬರಲಿಲ್ಲ. ಅವಳು ಜೋಳದ ಸಂಡಿಗೆ ಮಾರುತ್ತಾಳೆಂದು ಕೇಳಿದೆ, ಅವಳ ಓಣಿಯ ಕಡೆ ಹೋಗಲು ನನಗೆ ಬಹಳ ಕಾಲ ಧೈರ್ಯವಾಗಲಿಲ್ಲ.

ಚೀಲಗಳು ನನ್ನಲ್ಲಿಗೆ ಬಂದವು. ಇಂಡಿಯ ಸುದ್ದಿ ಮುದ್ದೇಬಿಹಾಳಕ್ಕೆ ಮುಟ್ಟಿದ ಮೇಲೆ ಚಿಗವ್ವ ತನ್ನ ಒಳಕೋಣೆಯವನ್ನೆಲ್ಲ ಎರಡು ಗಂಟು ಕಟ್ಟಿ, ತಾನೇ ಬಸ್ಸು ಹತ್ತಿ ತಂದು ಪಡಸಾಲೆಯಲ್ಲಿ ಇಳಿಸಿದಳು. ಸಿಂದಗಿಯಿಂದಲೂ ಯಾರೋ ಕಳಿಸಿದರು. ಜೋಳ ಒಂದೇ ಪಾಲು ಎಂದು ತಿಳಿದ ಮೇಲೂ ಅವನ್ನು ಚೆಲ್ಲಲು ಯಾರಿಗೂ ಮನಸ್ಸಾಗಿರಲಿಲ್ಲ.

“ಒಂಬತ್ತು ಪಾಲು ನಿಂದು, ಒಂದ ಪಾಲು ನಮ್ಮದು,” ಎಂದಳು ಚಿಗವ್ವ, ಬೆವರು ಒರೆಸಿಕೊಳ್ಳುತ್ತ. “ನೀ ಓದಿದಾಕಿ. ಬ್ಯಾರೆ ಮಾಡು, ನಮ್ಮ ಪಾಲ ನಮಗ ಕೊಡು.”

ಆ ಗಂಟುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದೇನೆ. ನಾನು ಇಂದಿಗೂ ಅಕ್ಕನ ಮನೆಯಲ್ಲಿಯೇ ಇದ್ದೇನೆ. ಒಂದು ಸಲ ಸುಡೋಣವೆಂದು ಹಿತ್ತಲಿಗೆ ಒಯ್ದಿದ್ದೆ, ವಾಸನೆ ನೆನಪಾಗಿ ಕಡ್ಡಿ ಗೀರಲಿಲ್ಲ. ಹೂಳುವ ಮಾತನ್ನು ನಾನು ಇಂಡಿಯಲ್ಲಿಯೇ ಮುಗಿಸಿದ್ದೇನೆ. ಕಸದ ಗಾಡಿ ಓಣಿಗೆ ಬರಲು ಆರಂಭವಾದ ಮೇಲೆ ಒಂದು ಕಟ್ಟನ್ನು ಕೈಯಲ್ಲಿ ಹಿಡಿದು ಹೊಸ್ತಿಲವರೆಗೆ ಬಂದೆ. ತೆನೆಯ ಚಿತ್ರ ಮೇಲೆ ಇತ್ತು. ಗಾಡಿಯವನು ಎರಡು ಸಲ ಕರೆದು ಮುಂದೆ ಹೋದ. ಬಿಸಿಲು ತಾಗದ ಕಾರಣ ಪೆಟ್ಟಿಗೆಯೊಳಗಿನವು ಉದುರಿಯೂ ಇಲ್ಲ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮನೆ ಸಾರಿಸುವಾಗ, ಅಕ್ಕ ಅಟ್ಟದ ಕೆಳಗೆ ನಿಂತು ಕೇಳುತ್ತಾಳೆ, ಅವನ್ನೇನು ಮಾಡುತ್ತೀ ಎಂದು. ನಾನು ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿ, ಮತ್ತೆ ಮೇಲಿಡುತ್ತೇನೆ.